ಬೀಳುವ ಮೊದಲೇ ಮನೆಗೆ ಬರುವ ಫಿಸಿಯೋ

ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಎಂದರೆ ನಮ್ಮ ಕಡೆ ಹೆಚ್ಚಿನವರಿಗೆ ಆಪರೇಷನ್ ಆದ ಮೇಲಿನ ದಿನಗಳೇ ನೆನಪಾಗುತ್ತವೆ. ಮಂಡಿ ಬದಲಾಯಿಸಿಕೊಂಡವರು, ಲಕ್ವ ಹೊಡೆದವರು, ಸೊಂಟದ ಹತ್ತಿರ ಮೂಳೆ ಮುರಿದು ರಾಡ್ ಹಾಕಿಸಿಕೊಂಡವರು. ಬೆಂಗಳೂರಿನ ಜಯನಗರದಲ್ಲೋ ಬನಶಂಕರಿಯಲ್ಲೋ ಅಂಥವರ ಗೇಟಿನ ಮುಂದೆ ಬೆಳಗಿನ ಹೊತ್ತು ಸ್ಕೂಟರ್ ನಿಂತರೆ ಪಕ್ಕದ ಮನೆಯವರಿಗೂ ಗೊತ್ತು, ಫಿಸಿಯೋದವರು ಬಂದರು ಅಂತ. ನಾನು ಇಲ್ಲಿ ಹೇಳಹೊರಟಿರುವುದು ಅದಕ್ಕೂ ಮುಂಚಿನ ಮಾತು. ಇನ್ನೂ ಬಿದ್ದಿಲ್ಲದವರಿಗೆ, ಅಥವಾ ಒಮ್ಮೆ ಬಿದ್ದು ಮೂಳೆ ಉಳಿಸಿಕೊಂಡವರಿಗೆ, ಮುಂದೆ ಬೀಳದ ಹಾಗೆ ಮಾಡುವ ಫಿಸಿಯೋಥೆರಪಿಯ ಮಾತು. ಎಪ್ಪತ್ತು ದಾಟಿದ ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಿರುವ ಮಕ್ಕಳಿಗೆ, ಸೊಸೆಯರಿಗೆ, ಮುಖ್ಯವಾಗಿ ಆ ಹಿರಿಯರಿಗೇ ಇದು ಹೊಸದು ಎಂದುಕೊಂಡು ನಿಧಾನವಾಗಿ ಹೇಳುತ್ತೇನೆ.

ಮೊದಲು ಈ ಭಾಗದ ಮನೆಗಳನ್ನು ನೋಡಿ. ಜಯನಗರ ಬಡಾವಣೆ ಶುರುವಾದದ್ದು 1948ರಲ್ಲಿ. ಆಮೇಲೆ ಬನಶಂಕರಿ, ಜೆ.ಪಿ. ನಗರ, ಬೈರಸಂದ್ರ‑ತಾವರೆಕೆರೆ‑ಮಡಿವಾಳ ಸೇರಿ ಆದ ಬಿ.ಟಿ.ಎಂ. ಲೇಔಟ್ ಬೆಳೆದವು. ಬ್ಯಾಂಕಿನಲ್ಲೋ ಎಲ್‌ಐಸಿಯಲ್ಲೋ ಸರ್ಕಾರಿ ಕಚೇರಿಯಲ್ಲೋ ದುಡಿದು, ಸಾಲ ಮಾಡಿ, 30‑40ರ ಸೈಟಿನಲ್ಲಿ ಮನೆ ಕಟ್ಟಿದವರು ಈಗ ಅದೇ ಮನೆಯಲ್ಲಿ ಅಜ್ಜ ಅಜ್ಜಿಯರಾಗಿದ್ದಾರೆ. ಕೆಳಗೆ ತಾವು, ಮಹಡಿಯಲ್ಲಿ ಬಾಡಿಗೆಯವರು, ಮಕ್ಕಳು ವೈಟ್‌ಫೀಲ್ಡ್‌ನಲ್ಲೋ ಅಮೆರಿಕದಲ್ಲೋ. ಮನೆ ಕಟ್ಟಿಸುವಾಗ ಅವರಿಗೆ ನಲವತ್ತರ ಆಸುಪಾಸು. ಹೊರಗಿನ ಮೆಟ್ಟಿಲಿಗೆ ರೇಲಿಂಗ್ ಬೇಕು, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಏನಾದರೂ ಬೇಕು ಎಂದು ಆ ವಯಸ್ಸಿನಲ್ಲಿ ಯಾರಿಗೆ ಹೊಳೆಯುತ್ತದೆ? ವಯಸ್ಸಾದವರು ಬೀಳುವುದು ಬೆಟ್ಟ ಹತ್ತುವಾಗ ಅಲ್ಲ, ದಿನಾ ಓಡಾಡುವ ಇಂಥ ಜಾಗಗಳಲ್ಲೇ. ಚಿಕಿತ್ಸೆಯೂ ಅಲ್ಲೇ ನಡೆಯಬೇಕು ಎನ್ನುವುದಕ್ಕೆ ಇಷ್ಟೇ ಕಾರಣ ಸಾಕು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಇದೇ ದೊಡ್ಡದು, ಅದರಲ್ಲೂ ಅರವತ್ತು ದಾಟಿದವರೇ ಹೆಚ್ಚು. ಆದರೂ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ವಯಸ್ಸಾಯ್ತಲ್ಲ, ಬೀಳೋದು ಇದ್ದದ್ದೇ." ಈ ಮಾತನ್ನು ನಾನು ಒಪ್ಪುವುದಿಲ್ಲ. ವಯಸ್ಸು ಒಂದು ಕಾರಣ ಮಾತ್ರ. ಅದರ ಹಿಂದೆ ತೊಡೆಯ ಬಲ, ಮಾತ್ರೆ, ಕನ್ನಡಕ, ಚಪ್ಪಲಿ, ನೆಲ ಎಂದು ಒಂದೊಂದಾಗಿ ಬಿಡಿಸಿ ನೋಡಬಹುದಾದ, ಬಹುಪಾಲು ತಿದ್ದಬಹುದಾದ ಸಂಗತಿಗಳಿವೆ.

ಸುಮ್ಮನೆ ನಿಲ್ಲುವುದೂ ಶರೀರಕ್ಕೆ ಒಂದು ಕೆಲಸವೇ. ನಾವು ಎಲ್ಲಿದ್ದೇವೆ, ಎತ್ತ ವಾಲುತ್ತಿದ್ದೇವೆ ಎಂಬ ಸುದ್ದಿ ಮಿದುಳಿಗೆ ಮೂರು ಕಡೆಯಿಂದ ಹೋಗುತ್ತದೆ: ಕಣ್ಣಿನಿಂದ, ಒಳಕಿವಿಯಿಂದ, ಪಾದ ಮತ್ತು ಕೀಲುಗಳ ಸ್ಪರ್ಶದಿಂದ. ಈ ಮೂರನ್ನೂ ಕೂಡಿಸಿ ಮಿದುಳು ಕಾಲಿನ ಸ್ನಾಯುಗಳಿಗೆ ಕ್ಷಣಕ್ಷಣಕ್ಕೂ ಅಪ್ಪಣೆ ಕೊಡುತ್ತಿರುತ್ತದೆ. ವಯಸ್ಸಾದಂತೆ ಮೂರೂ ಅಷ್ಟಷ್ಟು ಮಂಕಾಗುತ್ತವೆ. ಕಣ್ಣಿಗೆ ಪೊರೆ ಬರುತ್ತದೆ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದ ಜೋಮು ಹಿಡಿದಂತಾಗಿ ನೆಲ ತಿಳಿಯುವುದಿಲ್ಲ. ಅಂಥ ತಾತ ರಾತ್ರಿ ಎರಡು ಗಂಟೆಗೆ, ಅಜ್ಜಿಗೆ ನಿದ್ದೆ ಕೆಡಬಾರದು ಎಂದು ಲೈಟ್ ಹಾಕದೆ ಬಾತ್‌ರೂಮಿಗೆ ಹೊರಟರೆ ಕಣ್ಣಿನ ಸುದ್ದಿಯೂ ಇಲ್ಲ, ಪಾದದ ಸುದ್ದಿಯೂ ಇಲ್ಲ. ಉಳಿದ ಒಂದರ ಮೇಲೆ ಎಷ್ಟು ದೂರ ನಡೆದಾರು?

ಎಡವುವುದು ಎಲ್ಲರಿಗೂ ಇದ್ದದ್ದೇ. ಮೂವತ್ತರವರು ಎಡವಿದರೆ ಮುಂದಕ್ಕೊಂದು ಕಾಲು ಛಕ್ಕನೆ ಬೀಳುತ್ತದೆ, ಅಷ್ಟಕ್ಕೇ ಮುಗಿಯಿತು. ಎಂಬತ್ತರವರಿಗೆ ಆ ಕಾಲು ಒಂದು ಗಳಿಗೆ ತಡವಾಗಿ ಬರುತ್ತದೆ, ಬಂದರೂ ಮೈಭಾರ ಹೊರುವಷ್ಟು ಬಲ ತೊಡೆಯಲ್ಲಿರುವುದಿಲ್ಲ. ಬೀಳುವವರಿಗೂ ಬೀಳದವರಿಗೂ ಇರುವ ವ್ಯತ್ಯಾಸ ಹೆಚ್ಚಾಗಿ ಆ ಒಂದು ಹೆಜ್ಜೆಯದು. ಅದನ್ನು ಎಂಬತ್ತರಲ್ಲೂ ಅಭ್ಯಾಸದಿಂದ ವಾಪಸ್ ಪಡೆಯಬಹುದು ಎನ್ನುವುದೇ ಈ ಚಿಕಿತ್ಸೆಯ ಬಂಡವಾಳ.

ಫಿಸಿಯೋ ಮೊದಲ ದಿನ ಬಂದಾಗ ವ್ಯಾಯಾಮ ಹೇಳಿಕೊಡುವುದಕ್ಕಿಂತ ಕೇಳುವುದು, ನೋಡುವುದು ಹೆಚ್ಚಿರಬೇಕು. ಈ ವರ್ಷ ಬಿದ್ದಿದ್ದೀರಾ? ಎಲ್ಲಿ, ಎಷ್ಟು ಹೊತ್ತಿಗೆ? ಬೀಳುವ ಮುಂಚೆ ತಲೆ ತಿರುಗಿತೇ, ಕಾಲು ಜಾರಿತೇ, ಕಣ್ಣು ಕತ್ತಲೆ ಬಂತೇ? ಈ ಮೂರಕ್ಕೂ ದಾರಿ ಬೇರೆ ಬೇರೆ. ಮಗ್ಗುಲು ಬದಲಿಸಿದಾಗ ಕೋಣೆಯೇ ಸುತ್ತುವ ತಲೆಸುತ್ತು ಒಳಕಿವಿಯದಿರಬಹುದು. ಅದನ್ನು ಕಲಿತವರು ತಲೆಯನ್ನು ಕ್ರಮವಾಗಿ ತಿರುಗಿಸುವ ವಿಧಾನದಿಂದ ಬಹಳ ಸಲ ಒಂದೆರಡು ಭೇಟಿಯಲ್ಲೇ ಸರಿಮಾಡುತ್ತಾರೆ. ಹಾಸಿಗೆಯಿಂದ ಎದ್ದ ಕೂಡಲೇ ಕಣ್ಣು ಕತ್ತಲಿಡುವುದು ರಕ್ತದೊತ್ತಡದ ವಿಷಯ. ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಬಿ.ಪಿ. ನೋಡಿದಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಡಾಕ್ಟರಿಗೆ ತಿಳಿಸಬೇಕು. ಬಿ.ಪಿ. ಮಾತ್ರೆ, ಪ್ರಾಸ್ಟೇಟಿನ ಮಾತ್ರೆ, ನಿದ್ದೆ ಮಾತ್ರೆ ಇವೆಲ್ಲ ಬೀಳುವಿಕೆಗೆ ಕೈಜೋಡಿಸುತ್ತವೆ. ಹಾಗೆಂದು ನೀವಾಗಿಯೇ ಮಾತ್ರೆ ನಿಲ್ಲಿಸುವಂತಿಲ್ಲ, ಫಿಸಿಯೋ ಕೂಡ ನಿಲ್ಲಿಸಿ ಅನ್ನುವಂತಿಲ್ಲ. ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಬೇಕು.

ಆಮೇಲೆ ಪರೀಕ್ಷೆಗಳು. ಇದಕ್ಕೆ ಯಾವ ಯಂತ್ರವೂ ಬೇಡ, ಗಡಿಯಾರ ಮತ್ತು ಕುರ್ಚಿ ಸಾಕು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವುದು ಒಂದು. 1991ರಿಂದ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಪರೀಕ್ಷೆ ಇದು. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಎಚ್ಚರ ವಹಿಸಬೇಕು. ಸಮಯಕ್ಕಿಂತಲೂ ತಿರುಗುವಾಗ ಏನಾಗುತ್ತದೆ ಎಂದು ನೋಡುವುದು ನನಗೆ ಹೆಚ್ಚು ಮುಖ್ಯ. ಎರಡು ಹೆಜ್ಜೆಯಲ್ಲಿ ತಿರುಗುವವರಿದ್ದಾರೆ, ಆರೇಳು ಪುಟ್ಟ ಹೆಜ್ಜೆ ಇಟ್ಟು ಗೋಡೆಗೆ ಕೈ ಚಾಚುವವರಿದ್ದಾರೆ. ಇನ್ನೊಂದು, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ ಒಂದೇ ಗೆರೆಯಲ್ಲಿ 10 ಸೆಕೆಂಡ್ ನಿಲ್ಲುವುದು. ಮತ್ತೊಂದು, ಕೈ ಊರದೆ 30 ಸೆಕೆಂಡಿನಲ್ಲಿ ಎಷ್ಟು ಸಲ ಕುರ್ಚಿಯಿಂದ ಎದ್ದು ಕೂರುತ್ತಾರೆ ಎಂದು ಎಣಿಸುವುದು. 75ರಿಂದ 79ರ ಹೆಂಗಸರಲ್ಲಿ 10ಕ್ಕಿಂತ, ಗಂಡಸರಲ್ಲಿ 11ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದು ಎಂದು ಲೆಕ್ಕ.

ಈ ಕೊನೆಯ ಪರೀಕ್ಷೆ ನಡೆಯುವಾಗ ಬನಶಂಕರಿ ಎರಡನೇ ಹಂತದ ಒಂದು ಮನೆಯಲ್ಲಿ ನಾನಿದ್ದೆ. ಫಿಸಿಯೋ ಹುಡುಗಿ ಕಾಲೇಜು ಮುಗಿಸಿ ಹೆಚ್ಚು ದಿನವಾಗಿರಲಿಲ್ಲ.

"ಅಜ್ಜಿ, ಎರಡೂ ಕೈ ಎದೆ ಮೇಲೆ ಕಟ್ಟಿಕೊಳ್ಳಿ. ಈಗ ಎದ್ದೇಳಿ."

"ಕೈ ಊರದೇನೇ? ಅದ್ಹೇಗಮ್ಮಾ ಏಳೋದು?"

ಅಜ್ಜಿ ಅರ್ಧಕ್ಕೆ ಎದ್ದು ಧೊಪ್ಪನೆ ಕೂತರು. ಮಗ ಓಡಿಬಂದು ತೋಳು ಹಿಡಿಯಲು ಹೋದ. ಹುಡುಗಿ ಅವನನ್ನು ಕಣ್ಣಲ್ಲೇ ತಡೆದಳು. "ಸ್ವಲ್ಪ ಮುಂದಕ್ಕೆ ಜರುಗಿ ಕೂತ್ಕೊಳ್ಳಿ ಅಜ್ಜಿ. ಪಾದ ಹಿಂದಕ್ಕೆ ಎಳ್ಕೊಳ್ಳಿ, ಇನ್ನೂ ಹಿಂದೆ. ಹಾಂ. ಈಗ ಬೆನ್ನು ನೆಟ್ಟಗಿಟ್ಕೊಂಡು ಮುಂದಕ್ಕೆ ಬಾಗಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರಲಿ. ಏಳಿ." ಅಜ್ಜಿ ಎದ್ದು ನಿಂತರು. ನಿಂತು ಮಗನ ಮುಖ ನೋಡಿದರು. ಬಲ ಅವರಲ್ಲಿ ಇತ್ತು. ಏಳುವ ಕ್ರಮ ಮರೆತಿತ್ತು, ಏಕೆಂದರೆ ಅವರು ದಿನವಿಡೀ ಕೂರುತ್ತಿದ್ದ ಸೋಫಾ ಮಂಡಿಗಿಂತ ತಗ್ಗಾಗಿತ್ತು, ಅದರಿಂದ ಅವರನ್ನು ಪ್ರತಿಸಲವೂ ಯಾರಾದರೂ ಎಳೆದು ಎಬ್ಬಿಸುತ್ತಿದ್ದರು. ಆ ದಿನದ ಚಿಕಿತ್ಸೆ ಏನೆಂದರೆ ಸೋಫಾ ಬಿಟ್ಟು ಊಟದ ಮೇಜಿನ ಕುರ್ಚಿಯಲ್ಲಿ ಟಿ.ವಿ. ನೋಡುವುದು, ಜಾಹೀರಾತು ಬಂದಾಗಲೆಲ್ಲ ಐದು ಸಲ ಎದ್ದು ಕೂರುವುದು.

ಇನ್ನು ಮನೆ. ಒಳ್ಳೆಯ ಫಿಸಿಯೋ ಮನೆಯನ್ನೂ ರೋಗಿಯಷ್ಟೇ ಪರೀಕ್ಷೆ ಮಾಡುತ್ತಾರೆ, ಗೇಟಿನಿಂದಲೇ. ನಮ್ಮಲ್ಲಿ ಕಾರು ಹತ್ತಲೆಂದು ಗೇಟಿನ ಮುಂದೆ ಕಡಿದಾದ ಇಳಿಜಾರು ಮಾಡಿರುತ್ತಾರೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಹೊತ್ತಿಗೆ ಆ ಇಳಿಜಾರು ಒದ್ದೆಯಾಗಿರುತ್ತದೆ, ಹಾಲಿನ ಪ್ಯಾಕೆಟ್ ತರಲು ಅಜ್ಜ ಬರುವುದೂ ಅದೇ ಹೊತ್ತಿಗೆ. ಪೋರ್ಟಿಕೋದಲ್ಲಿ ಸಂಪಿನ ಕಬ್ಬಿಣದ ಮುಚ್ಚಳ ನೆಲಕ್ಕಿಂತ ಅರ್ಧ ಇಂಚು ಎದ್ದಿರುತ್ತದೆ. ಎತ್ತರದ ಮೆಟ್ಟಿಲು ಕಣ್ಣಿಗೆ ಬೀಳುತ್ತದೆ, ಕಾಲು ಎತ್ತುತ್ತೇವೆ. ಅರ್ಧ ಇಂಚು ಕಣ್ಣಿಗೂ ಬೀಳುವುದಿಲ್ಲ, ವಯಸ್ಸಾದವರ ಎಳೆದು ಹಾಕುವ ಹೆಜ್ಜೆ ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಹೊಸ್ತಿಲನ್ನು ಯಾರೂ ತೆಗೆಸುವುದಿಲ್ಲ, ತೆಗೆಸಿ ಎಂದು ನಾನೂ ಹೇಳುವುದಿಲ್ಲ. ಅದಕ್ಕೆ ಹಳದಿಯೋ ಕೆಂಪೋ ಬಣ್ಣ ಬಳಿದು ಎದ್ದು ಕಾಣುವಂತಿಡಿ, ಪಕ್ಕದ ಗೋಡೆಗೆ ಹಿಡಿ ಹಾಕಿಸಿ. ಹೊಸ್ತಿಲ ಒಳಗಿರುವ ಕಾಲೊರೆಸುವ ಮ್ಯಾಟನ್ನು ಮಾತ್ರ ತೆಗೆಯಿರಿ, ಇಲ್ಲವೇ ಅಡಿಯಲ್ಲಿ ರಬ್ಬರ್ ಇರುವುದನ್ನು ತನ್ನಿ. ಹಳೆ ಸೀರೆ ಮಡಿಸಿ ಹೊಲಿದ ಮ್ಯಾಟು ಗ್ರಾನೈಟ್ ನೆಲದ ಮೇಲೆ ಒಂದು ಕ್ಷಣವೂ ನಿಲ್ಲುವುದಿಲ್ಲ.

ಬಚ್ಚಲುಮನೆಗೆ ಒಂದಿಷ್ಟು ಹೆಚ್ಚು ಹೊತ್ತು ಕೊಡೋಣ. ನೀರು ಹೊರಗೆ ಬರದಿರಲಿ ಎಂದು ಅದರ ನೆಲ ಎರಡು ಮೂರು ಇಂಚು ತಗ್ಗಿರುತ್ತದೆ. ಒಳಗೆ ಹೋಗುವಾಗ ಒಣ ಕಾಲು, ಹೊರಗೆ ಬರುವಾಗ ಒದ್ದೆ ಕಾಲು, ಮೇಲೆ ಹತ್ತಬೇಕು, ಒಂದು ಕೈಯಲ್ಲಿ ಟವೆಲ್ಲು, ಇನ್ನೊಂದರಲ್ಲಿ ಸೀರೆಯ ನೆರಿಗೆಯೋ ಪಂಚೆಯ ಅಂಚೋ. ಹಿಡಿಯಲು ಕೈಗೆ ಸಿಗುವುದು ಟವೆಲ್ ರಾಡು ಅಥವಾ ಗೀಸರಿನ ನಲ್ಲಿ, ಎರಡೂ ಮೈಭಾರಕ್ಕೆ ಕಿತ್ತು ಬರುವಂಥವು. ಗೋಡೆಯೊಳಕ್ಕೆ ಗಟ್ಟಿಯಾಗಿ ಕೂರಿಸಿದ ಸ್ಟೀಲ್ ಹಿಡಿ ಎರಡು ಬೇಕು: ಕಮೋಡಿನ ಪಕ್ಕ ಒಂದು, ಬಾಗಿಲ ಹತ್ತಿರ ಒಂದು. ಎಲ್ಲಿ, ಎಷ್ಟು ಎತ್ತರಕ್ಕೆ ಎಂಬುದನ್ನು ಪ್ಲಂಬರ್ ತೀರ್ಮಾನಿಸಬಾರದು. ಹಿರಿಯರನ್ನೇ ಕಮೋಡಿನ ಮೇಲೆ ಕೂರಿಸಿ ಎಬ್ಬಿಸಿ, ಕೈ ಸಹಜವಾಗಿ ಹೋದ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಅಲ್ಲಿ ಕೊರೆಯಿಸಬೇಕು. ಕೆಳಗೆ ಮಣೆಯ ಮೇಲೆ ಕೂತು ಸ್ನಾನ ಮಾಡುವ ರೂಢಿಯವರಿಗೆ ಜಾರದ ಕಾಲಿನ ಪ್ಲಾಸ್ಟಿಕ್ ಸ್ಟೂಲು. ಯುಗಾದಿ, ದೀಪಾವಳಿಯ ಎಣ್ಣೆಸ್ನಾನದ ದಿನ ಮಾತ್ರ ಎಲ್ಲರೂ ಒಂದು ಕೆಲಸ ಮಾಡಲೇಬೇಕು. ಹಿರಿಯರ ಸ್ನಾನ ಮೊದಲು ಆಗಲಿ. ಮನೆಮಂದಿಯೆಲ್ಲ ಎಣ್ಣೆ ತೊಳೆದುಕೊಂಡ ನೆಲದ ಮೇಲೆ ಕೊನೆಗೆ ಅಜ್ಜಿಯನ್ನು ಬಿಡಬೇಡಿ. ಅಭ್ಯಂಜನ ಬೇಡ ಅಂದರೆ ಅವರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಪಾದದಡಿಗೆ ಎಣ್ಣೆ ಹಚ್ಚದಿದ್ದರೆ, ಕೂತೇ ಮಿಂದರೆ, ನೆಲಕ್ಕೆ ಸೀಗೆಪುಡಿ ಉಜ್ಜಿ ತೊಳೆದಿದ್ದರೆ ಸಾಕು.

ಉಳಿದದ್ದು ಚಿಕ್ಕಪುಟ್ಟದ್ದು. ಮಂಚದಿಂದ ಬಾತ್‌ರೂಮಿನವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ, ಕರೆಂಟ್ ಹೋದರೂ ಉರಿಯುವಂಥದ್ದು. ಸವೆದ ಹವಾಯಿ ಚಪ್ಪಲಿಯ ಬದಲು ಹಿಮ್ಮಡಿ ಹಿಡಿಯುವ ಪಟ್ಟಿ ಇರುವ ಚಪ್ಪಲಿ. ನೆಲ ಸೋಕುವ ನೈಟಿಯ ಅಂಚು ಎರಡಿಂಚು ಮೇಲಕ್ಕೆ ಹೊಲಿಸುವುದು. ಕಾಲಿಂಗ್ ಬೆಲ್ ಬಾರಿಸಿದ ಡೆಲಿವರಿ ಹುಡುಗ ಎರಡು ನಿಮಿಷ ಕಾಯಲಿ, ಅವನಿಗಾಗಿ ಯಾರೂ ಓಡಬೇಕಿಲ್ಲ.

ಈಗ ಮುಖ್ಯ ವಿಷಯ, ವ್ಯಾಯಾಮ. ಮನೆಯಲ್ಲೇ ಮಾಡಿ ಬೀಳುವುದನ್ನು ತಡೆಯುವ ಕ್ರಮಗಳಲ್ಲಿ ಹೆಚ್ಚು ಹೆಸರಾದದ್ದು ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. 1997ರಲ್ಲಿ ಪ್ರಕಟವಾದ ಅದರ ಮೊದಲ ದೊಡ್ಡ ಪ್ರಯೋಗದಲ್ಲಿ ಇದ್ದವರೆಲ್ಲ 80 ದಾಟಿದ ಹೆಂಗಸರು. ಆಮೇಲೆ ನಡೆದ ಪ್ರಯೋಗಗಳನ್ನೂ ಕೂಡಿಸಿ ನೋಡಿದಾಗ ಬೀಳುವಿಕೆ 35% ಕಡಿಮೆಯಾಗಿತ್ತು. ಇದರಲ್ಲಿ ಕಾಲಿನ ಬಲಕ್ಕೆ 5, ಸಮತೋಲಕ್ಕೆ 12, ಒಟ್ಟು 17 ವ್ಯಾಯಾಮಗಳಿವೆ. ವಾರಕ್ಕೆ ಮೂರು ದಿನ ಅರ್ಧ ಅರ್ಧ ಗಂಟೆ, ಜೊತೆಗೆ ಎರಡು ದಿನವಾದರೂ ನಡಿಗೆ. ಫಿಸಿಯೋ ದಿನಾ ಬರುವುದಿಲ್ಲ. ಮೊದಲ ಎರಡು ತಿಂಗಳಲ್ಲಿ ನಾಲ್ಕು ಸಲ, ಆರನೇ ತಿಂಗಳಿಗೆ ಇನ್ನೊಮ್ಮೆ ಬಂದು ಕಷ್ಟ ಹೆಚ್ಚಿಸಿ ಹೋಗುತ್ತಾರೆ, ಬರದ ತಿಂಗಳು ಫೋನ್ ಮಾಡುತ್ತಾರೆ. ನಮ್ಮಲ್ಲಿ ಮೊದಲ ಕೆಲವು ವಾರ ಇನ್ನೂ ಹೆಚ್ಚು ಭೇಟಿ ಬೇಕಾಗಬಹುದು, ಏಕೆಂದರೆ ವ್ಯಾಯಾಮ ಎನ್ನುವುದನ್ನು ಜೀವನದಲ್ಲಿ ಮೊದಲ ಸಲ ಮಾಡುತ್ತಿರುವ ಅಜ್ಜಿಯರು ಬಹಳ.

ಅಡುಗೆ ಕಟ್ಟೆಯೇ ವ್ಯಾಯಾಮ ಶಾಲೆ. ಸೊಂಟದ ಎತ್ತರ, ಅಲ್ಲಾಡುವುದಿಲ್ಲ, ಹಿಡಿಯಲು ಗಟ್ಟಿ ಅಂಚು. ಅದನ್ನು ಹಿಡಿದು ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಲ್ಲುವುದು, ಇದು ಮೀನಖಂಡಕ್ಕೆ. ಹಿಮ್ಮಡಿಯ ಮೇಲೆ ನಿಂತು ಮುಂಪಾದ ಎತ್ತುವುದು, ಎಳೆದು ಹಾಕುವ ಹೆಜ್ಜೆಗೆ ಇದೇ ಮದ್ದು. ಕಣಕಾಲಿಗೆ ಮರಳು ತುಂಬಿದ ಪಟ್ಟಿ ಕಟ್ಟಿ ಕಾಲನ್ನು ಪಕ್ಕಕ್ಕೆ ಎತ್ತುವುದು ಸೊಂಟದ ಪಕ್ಕದ ಸ್ನಾಯುಗಳಿಗೆ. ಅವು ಸೋತರೆ ಒಂಟಿಗಾಲಿನ ಮೇಲೆ ಒಂದು ಗಳಿಗೆಯೂ ನಿಲ್ಲಲಾಗದು, ನಡಿಗೆಯೆಂದರೆ ಒಂಟಿಗಾಲಿನಿಂದ ಒಂಟಿಗಾಲಿಗೆ ದಾಟುವುದೇ ತಾನೆ. ಕಟ್ಟೆಯ ಉದ್ದಕ್ಕೂ ಪಕ್ಕಪಕ್ಕಕ್ಕೆ ನಡೆಯುವುದು, ಹಿಂದಕ್ಕೆ ನಡೆಯುವುದು, ಹಿಮ್ಮಡಿಗೆ ಬೆರಳು ತಾಗಿಸುತ್ತ ಗೆರೆಯ ಮೇಲೆ ನಡೆಯುವುದು. ಹಾಲಿನಲ್ಲಿ ಎರಡು ಕುರ್ಚಿ ದೂರದೂರ ಇಟ್ಟು ಎಂಟರ ಆಕಾರದಲ್ಲಿ ಸುತ್ತುವುದು. ಮೊದಲು ಎರಡು ಕೈಯ ಆಸರೆ, ಆಮೇಲೆ ಒಂದು ಕೈ, ಆಮೇಲೆ ಒಂದು ಬೆರಳು, ಕೊನೆಗೆ ಕೈ ಕಟ್ಟೆಯ ಮೇಲೆ ಗಾಳಿಯಲ್ಲಿ. ಆಸರೆ ಕಡಿಮೆಯಾಗುತ್ತ ಹೋಗದಿದ್ದರೆ ಅಭ್ಯಾಸ ಮುಂದೆ ಸಾಗುತ್ತಿಲ್ಲ ಎಂದೇ ಅರ್ಥ.

ಇಲ್ಲಿ ಹೊಸಬರು ಗಾಬರಿಯಾಗುವುದುಂಟು. "ಅಮ್ಮ ಅಲ್ಲಾಡ್ತಾರೆ, ಬೇಡ ಬಿಡಿ" ಅನ್ನುತ್ತಾರೆ. ಸ್ವಲ್ಪ ಅಲ್ಲಾಡುವುದೇ ಬೇಕಾಗಿರುವುದು. ಶರೀರ ವಾಲಿದಾಗ ತಾನೇ ಸರಿಪಡಿಸಿಕೊಳ್ಳುವುದನ್ನು ಕಲಿಯುತ್ತದೆ, ವಾಲದಿದ್ದರೆ ಏನು ಕಲಿತೀತು? ಫಿಸಿಯೋ ಕೈಯಳತೆಯಲ್ಲಿ ನಿಂತಿರುವುದು ಅದಕ್ಕೇ, ಹಿಡಿದೇ ಇರಲಿಕ್ಕಲ್ಲ, ಬೇಕಾದಾಗ ಹಿಡಿಯಲಿಕ್ಕೆ.

ಲಕ್ಷ್ಮಣರಾವ್ ಪಾರ್ಕಿನಲ್ಲೋ ಸಾರಕ್ಕಿ ಕೆರೆಯ ದಂಡೆಯಲ್ಲೋ ದಿನಾ ನಡೆಯುವವರು ತಮಗೆ ಇದೆಲ್ಲ ಬೇಡ ಎಂದುಕೊಂಡಿರುತ್ತಾರೆ. ನಡಿಗೆ ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಒಳ್ಳೆಯದು, ಬಿಡಬೇಡಿ. ಆದರೆ ಬರೀ ನಡಿಗೆಯಿಂದ ಬೀಳುವುದು ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಕಾಕ್ರೇನ್ ಸಂಸ್ಥೆ 2019ರಲ್ಲಿ 108 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿತು. ವ್ಯಾಯಾಮದಿಂದ ಬೀಳುವಿಕೆ ಒಟ್ಟಾರೆ 23% ಇಳಿದಿತ್ತು, ಸಮತೋಲದ ಅಭ್ಯಾಸದ ಜೊತೆ ಬಲದ ವ್ಯಾಯಾಮವೂ ಸೇರಿದ್ದಲ್ಲಿ ಇನ್ನೂ ಹೆಚ್ಚು. ನಡಿಗೆಯ ಬಗ್ಗೆ ಅಂಥ ಭರವಸೆಯ ಮಾತು ಅಲ್ಲಿ ಸಿಗಲಿಲ್ಲ. ಕಾಲಿನ ಬಲ ಸೋತವರು ಬಿರುಸಾಗಿ ನಡೆಯಲು ಹೋದರೆ ಎಡವುವ ಅವಕಾಶ ಹೆಚ್ಚುವುದೂ ಉಂಟು, ಅದರಲ್ಲೂ ಕಲ್ಲುಚಪ್ಪಡಿ ಎದ್ದಿರುವ ನಮ್ಮ ಫುಟ್‌ಪಾತುಗಳ ಮೇಲೆ.

ಇನ್ನೊಂದು ನೇರ ಮಾತು. ಕೆಲವು ಮನೆಗಳಲ್ಲಿ ಫಿಸಿಯೋ ಎಂದರೆ ಮಂಚದ ಮೇಲೆ ಮಲಗಿಸಿ, ಮಂಡಿಗೆ ಪ್ಯಾಡ್ ಅಂಟಿಸಿ, ಜುಮ್ಮೆನ್ನುವ ಕರೆಂಟ್ ಮಿಷನ್ ಹಚ್ಚಿ, ಆಮೇಲೆ ಹತ್ತು ನಿಮಿಷ ಕಾಲು ಒತ್ತಿ ಹೋಗುವುದು. ಹಿರಿಯರಿಗೆ ಹಾಯೆನಿಸುತ್ತದೆ. ನೋವಿಗೆ ಅದರಿಂದ ಸ್ವಲ್ಪ ಉಪಶಮನವೂ ಇರಬಹುದು. ಆದರೆ ಮಲಗಿದವರಿಗೆ ನಿಲ್ಲುವುದನ್ನು ಕಲಿಸಲಾಗದು. ಮುಕ್ಕಾಲು ಗಂಟೆಯ ಭೇಟಿಯಲ್ಲಿ ಅರ್ಧ ಗಂಟೆಯಾದರೂ ಅಮ್ಮ ಕಾಲ ಮೇಲೆ ನಿಂತು ಏನಾದರೂ ಮಾಡುತ್ತಿಲ್ಲವಾದರೆ, ನೀವು ಕೊಡುತ್ತಿರುವ ದುಡ್ಡು ಬೀಳದಂತೆ ತಡೆಯುವುದಕ್ಕೆ ಹೋಗುತ್ತಿಲ್ಲ.

ಯಾರನ್ನು ಕರೆಸುವುದು? ಫಿಸಿಯೋಥೆರಪಿಯ ಪದವಿ ಬಿ.ಪಿ.ಟಿ. ಮಾಡಿದವರನ್ನು, ಸಿಕ್ಕರೆ ಸ್ನಾತಕೋತ್ತರ ಪದವಿ ಎಂ.ಪಿ.ಟಿ. ಮಾಡಿದವರನ್ನು. ಕರ್ನಾಟಕದ ಬಹಳಷ್ಟು ಫಿಸಿಯೋಥೆರಪಿ ಕಾಲೇಜುಗಳಿಗೆ ಪದವಿ ಕೊಡುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಲ್ಲಿ ಶುರುವಾದದ್ದು, ಇರುವುದು ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲೇ. ಹೀಗಾಗಿ ಈ ಭಾಗದಲ್ಲಿ ಕಲಿತವರಿಗೆ ಬರವಿಲ್ಲ. ಫಿಸಿಯೋಥೆರಪಿಯಂಥ ವೃತ್ತಿಗಳಿಗೆ ನೋಂದಣಿ ಬೇಕೆನ್ನುವ ಕೇಂದ್ರ ಕಾಯ್ದೆ 2021ರಲ್ಲಿ ಬಂದಿದೆ, ಪದವಿ ಮತ್ತು ನೋಂದಣಿ ಎರಡನ್ನೂ ಕೇಳುವುದರಲ್ಲಿ ಸಂಕೋಚ ಬೇಡ. ಮಸಾಜ್ ಕಲಿತವರು, ಹೋಂ ನರ್ಸ್ ಆಗಿದ್ದವರು ತಾವೂ ಫಿಸಿಯೋ ಎಂದು ಹೇಳಿಕೊಳ್ಳುವುದುಂಟು. ಪೋರ್ಟಿಯಾದಂಥ ಕಂಪನಿಗಳ ಮೂಲಕವೂ ಕರೆಸಬಹುದು, ಬೀದಿಯ ಕ್ಲಿನಿಕ್ಕಿನವರನ್ನೂ ಕೇಳಬಹುದು. ಎಲ್ಲಿಂದ ಬಂದರೂ, ಹತ್ತಿಪ್ಪತ್ತು ಭೇಟಿಯ ಪ್ಯಾಕೇಜಿಗೆ ಮೊದಲೇ ಹಣ ಕಟ್ಟುವ ಮುಂಚೆ ಒಂದು ಭೇಟಿ ಮಾಡಿಸಿ ನೋಡಿ. ಪ್ರತಿಸಲ ಬೇರೆ ಬೇರೆಯವರು ಬರುತ್ತಾರೆಯೇ, ಒಬ್ಬರೇ ಬರುತ್ತಾರೆಯೇ ಎಂದು ಕೇಳಿ. ಒಬ್ಬರೇ ಬಂದರೆ ಹೋದ ವಾರಕ್ಕೂ ಈ ವಾರಕ್ಕೂ ಇರುವ ವ್ಯತ್ಯಾಸ ಅವರ ಕಣ್ಣಿಗೆ ಬೀಳುತ್ತದೆ. ಮನೆಗೆ ಕರೆಸುವ ಖರ್ಚು ಭಾರವಾದರೆ ಬೈರಸಂದ್ರದ ಕಡೆಯ ಸಂಜಯ್ ಗಾಂಧಿ ಮೂಳೆ ಆಸ್ಪತ್ರೆಯಲ್ಲಿ ಸರ್ಕಾರಿ ಸೇವೆ ಇದೆ. ಅಲ್ಲಿ ತೋರಿಸಿಕೊಂಡು ವ್ಯಾಯಾಮ ಕಲಿತು ಮನೆಯಲ್ಲಿ ಮುಂದುವರಿಸಬಹುದು.

ಕೋಲಿನ ಬಗ್ಗೆ ಎರಡು ಮಾತು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯ ಎತ್ತರಕ್ಕೆ ಹಿಡಿ ಬರಬೇಕು. ಹಿಡಿಯುವುದು ನೋವಿರುವ ಕಾಲಿನ ಕಡೆಯಲ್ಲ, ಎದುರು ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ತಾತನ ಕಾಲದ ಕೋಲು ಮೊಮ್ಮಗನಿಗೆ ಸರಿಹೊಂದಬೇಕೆಂದೇನಿಲ್ಲ. ತಳದ ರಬ್ಬರು ಸವೆದಿದ್ದರೆ ಬದಲಾಯಿಸಲು ಹೆಚ್ಚು ಖರ್ಚೂ ಇಲ್ಲ.

ಇಷ್ಟಾದರೂ ಬಿದ್ದರೆ? ಬಿದ್ದವರು ಏಳುವುದನ್ನೂ ಮೊದಲೇ ಅಭ್ಯಾಸ ಮಾಡಿಸಬೇಕು, ಫಿಸಿಯೋ ಎದುರಿಗೆ, ಚಾಪೆಯ ಮೇಲೆ. ಮೊದಲು ಗಳಿಗೆ ಹೊತ್ತು ಹಾಗೇ ಇದ್ದು ಎಲ್ಲಿ ನೋವಿದೆ ನೋಡಿಕೊಳ್ಳುವುದು. ಮಗ್ಗುಲಾಗಿ ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಹತ್ತಿರದ ಕುರ್ಚಿಯವರೆಗೆ ತೆವಳಿ, ಅದರ ಮೇಲೆ ಎರಡೂ ಕೈ ಇಟ್ಟು, ಗಟ್ಟಿ ಕಾಲಿನ ಪಾದ ಮುಂದೆ ಊರಿ, ಮೇಲೆದ್ದು ತಿರುಗಿ ಕೂರುವುದು. ನೆಲದ ಮೇಲೆ ಕೂತು ಪೂಜೆ ಮಾಡುವ, ಊಟ ಮಾಡುವ ಅಭ್ಯಾಸ ಉಳಿಸಿಕೊಂಡವರಿಗೆ ಇದು ಸುಲಭ. ಇಪ್ಪತ್ತು ವರ್ಷದಿಂದ ನೆಲ ಮುಟ್ಟದವರಿಗೆ ಕಷ್ಟ. ಒಂಟಿಯಾಗಿರುವವರು ಬಿದ್ದಲ್ಲೇ ಗಂಟೆಗಟ್ಟಲೆ ಬಿದ್ದಿರುವುದು ಮುರಿದ ಮೂಳೆಯಷ್ಟೇ ಅಪಾಯದ್ದು, ಅದಕ್ಕೇ ಮೊಬೈಲು ಮೇಜಿನ ಮೇಲಲ್ಲ, ಕೊರಳಿನಲ್ಲೋ ಜೇಬಿನಲ್ಲೋ ಇರಬೇಕು. ಬಿದ್ದವರ ಒಂದು ಕಾಲು ಗಿಡ್ಡವಾದಂತೆ ಕಂಡು ಪಾದ ಹೊರಕ್ಕೆ ತಿರುಗಿದ್ದರೆ ಎಬ್ಬಿಸಬೇಡಿ, ನಡೆಸಬೇಡಿ, 108ಕ್ಕೆ ಫೋನ್ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ತಲೆಗೆ ಪೆಟ್ಟಾಗಿದ್ದರೆ, ಮಾತಾಡುತ್ತಾ ನಗುತ್ತಾ ಇದ್ದರೂ ಆಸ್ಪತ್ರೆಗೆ ಹೋಗಲೇಬೇಕು. ತಲೆಯೊಳಗಿನ ರಕ್ತಸ್ರಾವ ದಿನ ಕಳೆದ ಮೇಲೂ ತೋರಬಹುದು. ಇನ್ನು ನೋಡಿಕೊಳ್ಳುವವರಿಲ್ಲದ ಹಿರಿಯರ ತೊಂದರೆಗೆ ನಗರದಲ್ಲಿ ಪೊಲೀಸರೂ ನೈಟಿಂಗೇಲ್ಸ್ ಟ್ರಸ್ಟೂ ಸೇರಿ ನಡೆಸುವ ಹಿರಿಯರ ಸಹಾಯವಾಣಿ 1090 ಇದೆ, ದೇಶಕ್ಕೆಲ್ಲ ಒಂದೇ ಆದ 14567 ಇದೆ.

ಬಿದ್ದ ಪೆಟ್ಟಿಗಿಂತ ಬೀಳುವ ಭಯ ಹೆಚ್ಚು ಕಾಲ ಕಾಡುತ್ತದೆ. ಒಮ್ಮೆ ಬಿದ್ದವರು ಮಹಡಿಗೆ ಹೋಗುವುದು ಬಿಡುತ್ತಾರೆ, ಆಮೇಲೆ ದೇವಸ್ಥಾನ, ಆಮೇಲೆ ಗೇಟಿನವರೆಗಿನ ನಡಿಗೆ. ಓಡಾಟ ಕಡಿಮೆಯಾದಷ್ಟೂ ಕಾಲು ಸೋಲುತ್ತದೆ, ಸೋತ ಕಾಲು ಮತ್ತೆ ಬೀಳಿಸುತ್ತದೆ. ಇದಕ್ಕೆ ಮನೆಯವರ ಅಕ್ಕರೆಯೂ ಸೇರಿಕೊಳ್ಳುತ್ತದೆ: "ನೀವು ಸುಮ್ನೆ ಕೂತ್ಕೊಳ್ಳಿ ಅಮ್ಮ, ನಾನ್ ತಂದ್ಕೊಡ್ತೀನಿ." ನೀರಿನ ಲೋಟ ಅವರೇ ಎದ್ದು ತಂದುಕೊಳ್ಳಲಿ. ಫಿಸಿಯೋ ಕೊಟ್ಟ ವ್ಯಾಯಾಮದ ಪಟ್ಟಿಗೆ ಅವರು ಬಿಟ್ಟುಬಿಟ್ಟ ಒಂದು ಕೆಲಸವನ್ನು ಸೇರಿಸಿ ಎಂದು ನಾನು ಹೇಳುವುದುಂಟು. ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಹೂವು ತರುವುದು, ಲಿಫ್ಟ್ ಇರುವ ಮೆಟ್ರೋ ನಿಲ್ದಾಣದಿಂದ ಮಗಳ ಮನೆಗೆ ಹೋಗಿಬರುವುದು, ಹೀಗೆ. ಅಲ್ಲಿಯವರೆಗೆ ಹೋಗಲು ಯಾವ ಯಾವ ಮೆಟ್ಟಿಲು, ಯಾವ ತಿರುವು ದಾಟಬೇಕು ಎಂದು ಲೆಕ್ಕ ಹಾಕಿ ಅದನ್ನೇ ಅಭ್ಯಾಸ ಮಾಡಿಸುವುದು ಒಳ್ಳೆಯ ಫಿಸಿಯೋ ಲಕ್ಷಣ.

ಆರು ವಾರಕ್ಕೆ ವ್ಯತ್ಯಾಸ ಕಾಣತೊಡಗುತ್ತದೆ, ಕುರ್ಚಿಯಿಂದ ಏಳುವಾಗಲೇ ಮೊದಲು ಕಾಣುವುದು. ಆಗ ಭೇಟಿ ಕಡಿಮೆ ಮಾಡಬಹುದು, ಅಭ್ಯಾಸವನ್ನಲ್ಲ. ನಿಲ್ಲಿಸಿದರೆ ಗಳಿಸಿದ ಬಲ ಹೋಗಿಬಿಡುತ್ತದೆ.

ಮೊದಲ ಭೇಟಿಯ ದಿನ ಎಲ್ಲ ಮಾತ್ರೆಗಳನ್ನೂ ಒಂದು ತಟ್ಟೆಯಲ್ಲಿ ಹಾಕಿಡಿ, ಡಬ್ಬಿ ಸಮೇತ. ಎರಡೂ ಕನ್ನಡಕ, ಮನೆಯೊಳಗೆ ಹೊರಗೆ ಹಾಕುವ ಚಪ್ಪಲಿಗಳೆಲ್ಲ ಎದುರಿಗಿರಲಿ. ಚಕ್ರವಿಲ್ಲದ, ಕೈಯಿಲ್ಲದ ಒಂದು ಗಟ್ಟಿ ಕುರ್ಚಿ ಬೇಕು. ಊಟವಾಗಿ ಒಂದು ಗಂಟೆಯಾದರೂ ಆಗಿರಲಿ. ಮತ್ತೆ, ಯಾರೋ ಬರುತ್ತಾರೆಂದು ಮನೆ ಒಪ್ಪ ಮಾಡಲು ಹೋಗಬೇಡಿ. ಬಾಗಿಲ ಮುಂದಿನ ಮ್ಯಾಟು, ದಾರಿಗೆ ಅಡ್ಡ ಬಿದ್ದಿರುವ ಚಾರ್ಜರ್ ವೈರು, ಬಚ್ಚಲಲ್ಲಿ ನೆನೆಹಾಕಿದ ಬಟ್ಟೆಯ ಬಕೆಟ್ಟು, ದಿನಾ ಎಲ್ಲಿರುತ್ತವೆಯೋ ಆ ದಿನವೂ ಅಲ್ಲೇ ಇರಲಿ. ಅವರು ನೋಡಲು ಬರುವುದು ಅದನ್ನೇ.